ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಮೊದಲ ಸಲದ ಮಾಲೀಕರಿಗೆ ದೋಷ ನಿವಾರಣೆ ಕೈಪಿಡಿ

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೈಗೆ ಬಂದ ಮೊದಲ ಕೆಲವು ತಿಂಗಳಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಅದರ ವೇಗವಾಗಲಿ ಶಕ್ತಿಯಾಗಲಿ ಕಾರಣವಾಗಿರುವುದಿಲ್ಲ. ತಿಂಗಳುಗಟ್ಟಲೆ ಹೊದಿಕೆಯ ಕೆಳಗೆ ಓಡದೆ ನಿಂತದ್ದು, ಮಾರುವ ಯೋಚನೆ ಬಂದ ಮೇಲೆ ಹಿಂದಿನ ಮಾಲೀಕರು ಮುಂದೂಡುತ್ತ ಹೋದ ಸರ್ವಿಸ್, ಅವರು ಆಸೆಪಟ್ಟು ಹಾಕಿಸಿದ ಹೆಚ್ಚುವರಿ ಸಾಮಾನು, ಈ ಮೂರರಲ್ಲಿ ಒಂದು ಸಾಮಾನ್ಯವಾಗಿ ತೊಂದರೆಯ ಬುಡದಲ್ಲಿರುತ್ತದೆ. ಆದ್ದರಿಂದ ಎಂಜಿನ್ ಬಿಚ್ಚುವ ಮಾತು ಬರುವ ಮೊದಲು, ಕಾರಿಗೆ ಯಾರು ಏನು ಮಾಡಿದ್ದಾರೆ, ಏನನ್ನು ಮಾಡದೆ ಬಿಟ್ಟಿದ್ದಾರೆ ಎಂಬುದನ್ನು ತಿಳಿಯಬೇಕು. ಹೊರಗೆ ಥಳುಕು ಒಳಗೆ ಹುಳುಕು ಎಂಬ ಮಾತು ಎಲ್ಲ ಹಳೆಯ ಕಾರುಗಳಿಗೂ ಸಲ್ಲುತ್ತದೆಯಾದರೂ ಈ ಜಾತಿಯ ಕಾರುಗಳಿಗೆ ಸ್ವಲ್ಪ ಹೆಚ್ಚಾಗಿಯೇ ಸಲ್ಲುತ್ತದೆ. ಬಾನೆಟ್ಟಿನ ಮೇಲಿನ ಪಾಲಿಶ್ ನೋಡಿ ಅದರ ಕೆಳಗಿರುವ ರಬ್ಬರ್ ಪೈಪುಗಳ ವಯಸ್ಸನ್ನು ಅಂದಾಜು ಮಾಡಲು ಬರುವುದಿಲ್ಲ.

ಮೂರು ಲಕ್ಷಣಗಳಲ್ಲಿ ಯಾವುದು ಕಂಡರೂ ಪತ್ತೆಯ ಕೆಲಸ ಆಮೇಲೆ, ಮೊದಲು ಕಾರನ್ನು ನಿಲ್ಲಿಸಬೇಕು. ಎಂಜಿನ್ ಓಡುವಾಗ ಆಯಿಲ್ ಒತ್ತಡದ ಕೆಂಪು ದೀಪ ಹತ್ತಿದರೆ ತಕ್ಷಣ ಎಂಜಿನ್ ಆಫ್ ಮಾಡಬೇಕು, ಏಕೆಂದರೆ ಒತ್ತಡವಿಲ್ಲದೆ ಓಡುವ ಬೇರಿಂಗ್ ಹಾಳಾಗಲು ಹೆಚ್ಚು ಹೊತ್ತು ಬೇಡ. ಬ್ರೇಕ್ ಪೆಡಲ್ ಕಾಲಿನ ಕೆಳಗೆ ನಿಧಾನವಾಗಿ ಕುಸಿಯುತ್ತಿದ್ದರೆ ಕಾರನ್ನು ವರ್ಕ್‌ಶಾಪಿಗೂ ಓಡಿಸಿಕೊಂಡು ಹೋಗದೆ ಸಾಗಿಸಬೇಕು. ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿರುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ: ಮಿನುಗುತ್ತಿದ್ದರೆ ಜೋರಾದ ಮಿಸ್‌ಫೈರ್ ಆಗುತ್ತಿದೆ, ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದು ಅರ್ಥ.

ಮೊದಲ ವಾರದ ಕೆಲಸ: ಅಳತೆ ಬರೆದಿಡುವುದು

ಆರೋಗ್ಯವಾಗಿರುವಾಗ ಕಾರು ಹೇಗಿರುತ್ತದೆ ಎಂಬುದೇ ಗೊತ್ತಿಲ್ಲದವರಿಗೆ ಕೆಟ್ಟಾಗ ಏನು ಬದಲಾಯಿತು ಎಂದು ಹೇಳಲು ಸಾಧ್ಯವಿಲ್ಲ. ಹಾಗಾಗಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು, ತಣ್ಣಗಿದ್ದಾಗಿನ ಆಯಿಲ್ ಮಟ್ಟ, ಕೂಲೆಂಟ್ ಮಟ್ಟ, ರಾತ್ರಿಯೆಲ್ಲ ನಿಂತ ಬ್ಯಾಟರಿಯ ವೋಲ್ಟೇಜ್, ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತದ ಐಡಲ್‌ನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ನಿಲ್ಲುತ್ತದೆ, ಓಡುವಾಗ ಟೆಂಪರೇಚರ್ ಮುಳ್ಳು ಎಲ್ಲಿರುತ್ತದೆ, ನಾಲ್ಕೂ ಟೈರ್‌ಗಳ ಗಾಳಿ ಎಷ್ಟಿದೆ ಎಂಬುದನ್ನು ದಿನಾಂಕ ಮತ್ತು ಕಿಲೋಮೀಟರ್ ಸಹಿತ ಬರೆದಿಡಬೇಕು. ಮುಂದೆ ಬರುವ ಪ್ರತಿ ಅನುಮಾನವನ್ನೂ ಈ ಪುಟದೊಡನೆ ಹೋಲಿಸಿ ನೋಡಬಹುದು.

ಸರ್ವಿಸ್ ದಾಖಲೆಯಲ್ಲಿ ಬರೆದಿಲ್ಲದ ಕೆಲಸ ಆಗಿಲ್ಲವೆಂದೇ ಭಾವಿಸುವುದು ಕ್ಷೇಮ. ಇದು, ವಾಲ್ವುಗಳನ್ನು ಪಿಸ್ಟನ್ನಿಗೆ ತಕ್ಕ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟಿನ ವಿಷಯದಲ್ಲಿ ಬಹಳ ಮುಖ್ಯ. ಬೆಲ್ಟಿಗೆ ಕಿಲೋಮೀಟರಿನ ಮಿತಿ ಇರುವಂತೆ ವರ್ಷಗಳ ಮಿತಿಯೂ ಇರುತ್ತದೆ. ಕಡಿಮೆ ಓಡಿದ ಸ್ಪೋರ್ಟ್ಸ್ ಕಾರುಗಳಲ್ಲಿ ಮೊದಲು ತೀರುವುದು ವರ್ಷಗಳ ಮಿತಿಯೇ. ಬೆಲ್ಟ್ ತುಂಡಾದಾಗ ಪಿಸ್ಟನ್ನಿಗೂ ವಾಲ್ವಿಗೂ ಡಿಕ್ಕಿಯಾಗುವ ವಿನ್ಯಾಸದ ಎಂಜಿನ್ ಆಗಿದ್ದರೆ ವಾಲ್ವುಗಳು ಬಾಗುತ್ತವೆ, ಬೆಲ್ಟಿನ ಬೆಲೆಯಲ್ಲಿ ಮುಗಿಯಬೇಕಾದದ್ದು ಸಿಲಿಂಡರ್ ಹೆಡ್ಡಿನ ಬೆಲೆಗೆ ಏರುತ್ತದೆ. ಚೈನ್ ಇರುವ ಎಂಜಿನ್ನುಗಳಿಗೆ ಈ ಗಡುವು ಇಲ್ಲ. ಆದರೆ ಅವುಗಳಲ್ಲೂ ಟೆನ್ಷನರ್ ಸವೆದರೆ ತಣ್ಣನೆಯ ಸ್ಟಾರ್ಟಿನಲ್ಲಿ ಒಂದೆರಡು ಸೆಕೆಂಡ್ ಗಲಗಲ ಸದ್ದು ಕೇಳಿಸುತ್ತದೆ.

ಎಂಜಿನ್ ಆಯಿಲ್, ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ಎಲ್ಲವನ್ನೂ ಒಮ್ಮೆ ಬದಲಾಯಿಸಿಬಿಡುವುದು ಒಳ್ಳೆಯದು. ಹೊಸದನ್ನು ಹಾಕುವುದಕ್ಕಿಂತ ಹಳೆಯದನ್ನು ನೋಡುವುದರಲ್ಲೇ ಹೆಚ್ಚಿನ ಲಾಭವಿದೆ ಎಂಬುದು ನನ್ನ ಅನುಭವ. ತೆಗೆದ ಆಯಿಲ್ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಬೇಕು. ಮಿರುಗುವ ಚೂರುಗಳಿದ್ದರೆ ಆಯಸ್ಕಾಂತ ತೋರಿಸಬೇಕು: ಅಂಟಿಕೊಂಡರೆ ಉಕ್ಕು, ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗ್ ಲೋಹ. 1997ರಿಂದ 2008ರ ವರೆಗಿನ ಪೋರ್ಷೆ ಬಾಕ್ಸ್‌ಟರ್ ಮತ್ತು ಅದೇ ಎಂಜಿನ್ ಕುಟುಂಬದ 911 ಕಾರುಗಳಲ್ಲಿ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್ ಹಾಳಾಗುವ ಹೆದರಿಕೆ ಪ್ರಸಿದ್ಧವಾದದ್ದು. 2009ರ ಮಾದರಿಗೆ ಬಂದ ಹೊಸ ಎಂಜಿನ್ನಿನಲ್ಲಿ ಆ ಶಾಫ್ಟನ್ನೇ ಕೈಬಿಡಲಾಯಿತು. ಆ ಕಾರು ಕೊಂಡವರಿಗೆ ಫಿಲ್ಟರ್ ಕತ್ತರಿಸಿ ನೋಡುವುದು ಪ್ರತಿ ಆಯಿಲ್ ಬದಲಾವಣೆಯಲ್ಲೂ ಮಾಡಲೇಬೇಕಾದ ಕೆಲಸ.

ಯಾವ ದರ್ಜೆಯ ಆಯಿಲ್ ಎಂಬುದಕ್ಕೆ ಕಾರಿನ ಕೈಪಿಡಿಯೊಂದೇ ಪ್ರಮಾಣ. ಬಿಎಂಡಬ್ಲ್ಯು ಇ46 ಎಂ3 ಕಾರಿಗೆ 10ಡಬ್ಲ್ಯು-60 ಬೇಕು ಎಂದ ಮಾತ್ರಕ್ಕೆ ಎಲ್ಲ ಸ್ಪೋರ್ಟ್ಸ್ ಕಾರಿಗೂ ದಪ್ಪ ಆಯಿಲ್ ಒಳ್ಳೆಯದೆಂದು ಹೇಳಲಾಗುವುದಿಲ್ಲ. ಗೇರ್ ಆಯಿಲಿನಲ್ಲೂ ಇದೇ ಮಾತು: ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ, ಹೆಚ್ಚಿನ ದರ್ಜೆಯೆಂದು ಭಾವಿಸಿ ಜಿಎಲ್-5 ಹಾಕಿದರೆ, ಗೇರುಗಳ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಬೇಕಾದ ಹಿಡಿತ ಸಿಗದೆ ಗೇರ್ ಬೀಳುವುದು ಕಷ್ಟವಾಗಬಹುದು.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಒಬಿಡಿ ಸ್ಕ್ಯಾನರ್ ಇಲ್ಲದೆ ಈ ಕಾಲದ ಕಾರಿನ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದಂತೆ. ಅಮೆರಿಕದಲ್ಲಿ 1996ರಿಂದ, ಯುರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಇದಕ್ಕೆ ಒಂದೇ ಬಗೆಯ ಸಾಕೆಟ್ ಕಡ್ಡಾಯವಾಗಿದೆ. ಕೋಡ್ ಇದೆಯೇ ಎಂದು ನೋಡಿ ಸುಮ್ಮನಾಗಬಾರದು, ಕಾರು ತನ್ನ ಸ್ವಯಂ ಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳನ್ನೂ ನೋಡಬೇಕು. ಕೋಡ್ ಒಂದೂ ಇಲ್ಲದೆ ಮಾನಿಟರ್‌ಗಳಲ್ಲಿ ಹೆಚ್ಚಿನವು ಪೂರ್ಣವಾಗಿಲ್ಲವೆಂದು ತೋರಿಸಿದರೆ, ಯಾರೋ ಇತ್ತೀಚೆಗೆ ಕೋಡ್‌ಗಳನ್ನು ಅಳಿಸಿದ್ದಾರೆ, ಇಲ್ಲವೆ ಬ್ಯಾಟರಿ ಬಿಚ್ಚಿದ್ದಾರೆ. ಅಳಿಸಿದ ದೋಷ ಕೆಲವು ದಿನ ಓಡಿಸಿದ ಮೇಲೆ ತಾನಾಗಿಯೇ ಮರಳಿ ಬರುತ್ತದೆ.

ಸ್ಟಾರ್ಟ್ ಆಗದಿದ್ದರೆ

ವಾರಕ್ಕೊಮ್ಮೆ ಹೊರಡುವ ಕಾರಿನ ಮೊದಲ ದೂರು ಬ್ಯಾಟರಿಯದ್ದೇ ಆಗಿರುತ್ತದೆ. ರಾತ್ರಿಯೆಲ್ಲ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಇದ್ದರೆ ಅರ್ಧವಾಗಿದೆ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು; ಇಲ್ಲದಿದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್, ಮತ್ತು ಅರ್ಥಿಂಗ್ ತಂತಿಯ ಜೋಡಣೆಗಳನ್ನು ನೋಡಬೇಕು. ಎರಡೂ ಸರಿಯಿದ್ದು, ನಾಲ್ಕು ದಿನ ನಿಂತರೆ ಮಾತ್ರ ಸ್ಟಾರ್ಟ್ ಆಗುವುದಿಲ್ಲವೆಂದಾದರೆ ಕಾರು ಮಲಗಿರುವಾಗಲೂ ಕರೆಂಟ್ ಎಳೆಯುತ್ತಿದೆ.

ಇಲ್ಲಿ ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮಲಗಿರುವ ಕಾರು 50 ಮಿಲಿಆಂಪಿಯರ್‌ಗಿಂತ ಕಡಿಮೆ ಎಳೆಯಬೇಕೆಂಬುದು ರೂಢಿಯ ಮಿತಿ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, 45 ಆಂಪಿಯರ್-ಅವರ್ ಬ್ಯಾಟರಿ ಆ ಲೆಕ್ಕದಲ್ಲಿ ಅರ್ಧವಾಗಲು 18 ದಿನಕ್ಕೂ ಹೆಚ್ಚು ಬೇಕು. ಅದೇ 200 ಮಿಲಿಆಂಪಿಯರ್ ಆದರೆ ಐದು ದಿನವೂ ಬೇಡ. ಮಲ್ಟಿಮೀಟರನ್ನು ಆಂಪಿಯರ್ ಸ್ಥಾನಕ್ಕೆ ತಂದು, ಬ್ಯಾಟರಿಯ ಮೈನಸ್ ತಂತಿಯ ನಡುವೆ ಸೇರಿಸಿ, ಕೀಲಿ ದೂರವಿಟ್ಟು, ಬಾಗಿಲಿನ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ಮಾಡಿ, ಕಂಪ್ಯೂಟರ್‌ಗಳೆಲ್ಲ ನಿದ್ರೆಗೆ ಹೋಗುವ ವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೂ ಅಂಕಿ ಇಳಿಯದಿದ್ದರೆ ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಯಾವುದನ್ನು ತೆಗೆದಾಗ ಇಳಿಯುತ್ತದೆ ಎಂದು ನೋಡಬೇಕು. ಕಾರ್ಖಾನೆಯಿಂದ ಬಂದ ವೈರಿಂಗ್‌ಗಿಂತ ಮೊದಲು ಅನುಮಾನಿಸಬೇಕಾದದ್ದು ಹೊರಗಿನಿಂದ ಹಾಕಿಸಿದ ಅಲಾರಂ, ಆಂಪ್ಲಿಫೈಯರ್, ಟ್ರ್ಯಾಕರ್, ಕ್ಯಾಮರಾಗಳನ್ನು. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ, ಮೂಲ ತಂತಿಯ ಮೇಲೆ ಕಚ್ಚಿಸಿದ ಬಣ್ಣದ ಪ್ಲಾಸ್ಟಿಕ್ ಕ್ಲಿಪ್ ಕಂಡರೆ ಅಲ್ಲಿಂದಲೇ ಹುಡುಕಾಟ ಶುರುಮಾಡಬಹುದು.

ಮಾಜ್ದಾ ಆರ್‌ಎಕ್ಸ್-8 ಇಟ್ಟುಕೊಂಡವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಅದರ ರೋಟರಿ ಎಂಜಿನ್ನನ್ನು ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಕಾರನ್ನು ನಾಲ್ಕು ಅಡಿ ಸರಿಸಿ ಆಫ್ ಮಾಡಿದರೆ, ಮುಂದಿನ ಸಲ ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆನೆದು ಸ್ಟಾರ್ಟ್ ಆಗದೆ ಉಳಿಯಬಹುದು. ಬಿಸಿಯಾಗಿರುವಾಗಲೇ ಸ್ಟಾರ್ಟ್ ಆಗಲು ತಿಣುಕಾಡುತ್ತಿದ್ದರೆ ಮಾತ್ರ, ಎಂಜಿನ್ನಿನ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು, ಅದೂ ರೋಟರಿಗೆಂದೇ ಇರುವ ಉಪಕರಣದಿಂದ.

ಬಿಸಿಯಾಗುವುದು

ಅತಿಯಾಗಿ ಬಿಸಿಯಾಗುವ ದೋಷದಲ್ಲಿ 'ಯಾವಾಗ' ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ನಿಂತಾಗ ಅಥವಾ ತೆವಳುವ ಟ್ರಾಫಿಕ್‌ನಲ್ಲಿ ಮಾತ್ರ ಮುಳ್ಳು ಏರಿ, ವೇಗ ಸಿಕ್ಕಿದೊಡನೆ ಇಳಿದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ: ಫ್ಯಾನ್, ಅದರ ರಿಲೇ, ಫ್ಯೂಸ್, ಇಲ್ಲವೆ ಗಾಳಿಯ ದಾರಿಯಲ್ಲಿರುವ ಕಸ. ವೇಗವಾಗಿ ಓಡುವಾಗ ಅಥವಾ ಏರು ಹತ್ತುವಾಗ ಮಾತ್ರ ಏರಿದರೆ ಕೂಲೆಂಟ್ ಸಾಕಷ್ಟು ಹರಿಯುತ್ತಿಲ್ಲ: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಅರ್ಧಕ್ಕೆ ನಿಂತ ಥರ್ಮೋಸ್ಟಾಟ್, ಎಲೆಗಳು ಸವೆದ ವಾಟರ್ ಪಂಪ್. ತಣ್ಣನೆಯ ಸ್ಟಾರ್ಟಿನ ಕೆಲವೇ ನಿಮಿಷಗಳಲ್ಲಿ ಮೇಲಿನ ಪೈಪು ಕಲ್ಲಿನಂತೆ ಗಟ್ಟಿಯಾದರೆ, ಇನ್ನೂ ಬಿಸಿಯಾಗದ ಕೂಲೆಂಟಿಗೆ ಆ ಒತ್ತಡ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಹೆಡ್ ಗ್ಯಾಸ್ಕೆಟ್ ದಾಟಿ ಸಿಲಿಂಡರಿನ ಅನಿಲ ಒಳಗೆ ಬರುತ್ತಿರಬಹುದು. ಇದನ್ನು ಖಚಿತಪಡಿಸಲು ರೇಡಿಯೇಟರ್ ಬಾಯಿಯ ಮೇಲಿಟ್ಟು ನೋಡುವ ನೀಲಿ ದ್ರಾವಣದ ಪರೀಕ್ಷೆಯಿದೆ. ದಹನದ ಅನಿಲ ತಾಗಿದರೆ ಅದು ಹಳದಿಗೆ ತಿರುಗುತ್ತದೆ.

ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ನಾನೇ ಒಮ್ಮೆ ಕೆಟ್ಟಿದ್ದೇನೆ. ನನ್ನ ಮೊದಲ ಸ್ಪೋರ್ಟ್ಸ್ ಕಾರು ಎಸಿ ಹಾಕಿಕೊಂಡು ಟ್ರಾಫಿಕ್‌ನಲ್ಲಿ ನಿಂತರೆ ಬಿಸಿಯಾಗುತ್ತಿತ್ತು, ಹೆದ್ದಾರಿಯಲ್ಲಿ ಎಷ್ಟು ಓಡಿಸಿದರೂ ಮುಳ್ಳು ಅಲುಗುತ್ತಿರಲಿಲ್ಲ. ಲಕ್ಷಣ ಅಷ್ಟು ಸ್ಪಷ್ಟವಾಗಿ ಗಾಳಿಯ ಕಡೆಗೆ ಬೆರಳು ತೋರಿಸುತ್ತಿದ್ದರೂ, ಸುಲಭವಾಗಿ ಸಿಗುತ್ತದೆಂಬ ಒಂದೇ ಕಾರಣಕ್ಕೆ ಥರ್ಮೋಸ್ಟಾಟ್ ಬದಲಾಯಿಸಿದೆ. ಏನೂ ಆಗಲಿಲ್ಲ. ಫ್ಯಾನ್ ಎರಡು ವೇಗದಲ್ಲೂ ಸರಿಯಾಗಿ ತಿರುಗುತ್ತಿತ್ತು. ಮುಂದಿನ ಜಾಲರಿಯಿಂದ ಬಗ್ಗಿ ನೋಡಿದರೆ ಎಲ್ಲವೂ ಶುಭ್ರವಾಗಿಯೇ ಕಾಣುತ್ತಿತ್ತು. ಆದರೆ ಅಲ್ಲಿಂದ ಕಾಣುವುದು ಎಸಿಯ ಕಂಡೆನ್ಸರ್, ರೇಡಿಯೇಟರ್ ಇರುವುದು ಅದರ ಹಿಂದೆ ಎಂಬುದು ಹೊಳೆಯಲು ಎರಡು ವಾರ ಬೇಕಾಯಿತು. ಕೊನೆಗೊಂದು ಸಂಜೆ ಎರಡರ ನಡುವಿನ ಬೆರಳಗಲದ ಸಂದಿಗೆ ಮೇಲಿನಿಂದ ಟಾರ್ಚ್ ಇಳಿಬಿಟ್ಟೆ. ಬೆಳಕು ಅರ್ಧದವರೆಗೆ ಇಳಿದು ಅಲ್ಲೇ ನಿಂತಿತು. ಬಂಪರ್ ಬಿಚ್ಚಿ ಕಂಡೆನ್ಸರನ್ನು ಮುಂದಕ್ಕೆ ಬಾಗಿಸಿದಾಗ, ಒಣ ಎಲೆ, ಹುಳುಗಳ ರೆಕ್ಕೆ, ಹತ್ತಿಯಂಥ ಧೂಳು ಎಲ್ಲ ಒತ್ತಿಕೊಂಡು ಕಂಬಳಿಯ ತುಂಡಿನಂತಾದ ಒಂದು ಪದರ ಇಡಿಯಾಗಿ ಕೈಗೆ ಬಂತು. ಅದರ ಒಂದು ಮುಖದ ಮೇಲೆ ರೇಡಿಯೇಟರಿನ ಸಣ್ಣ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ವೇಗದಲ್ಲಿ ಉಳಿದ ಮೇಲ್ಭಾಗಕ್ಕೆ ಬರುತ್ತಿದ್ದ ಗಾಳಿ ಸಾಕಾಗುತ್ತಿತ್ತು, ನಿಂತಾಗ ಸಾಲುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರುಗಳ ಮೂಗು ನೆಲಕ್ಕೆ ಹತ್ತಿರವಿರುವುದರಿಂದ ರಸ್ತೆಯ ಕಸವನ್ನು ಅವು ಬೇರೆ ಕಾರುಗಳಿಗಿಂತ ಹೆಚ್ಚು ಗುಡಿಸಿಕೊಳ್ಳುತ್ತವೆ. ಬಾಕ್ಸ್‌ಟರಿನಂತೆ ಮೂಗಿನ ಎರಡು ಮೂಲೆಗಳಲ್ಲಿ ರೇಡಿಯೇಟರ್ ಇರುವ ಕಾರುಗಳಲ್ಲಿ ಈ ಶುದ್ಧಿಯನ್ನು ಸರ್ವಿಸಿನ ಭಾಗವೆಂದೇ ತಿಳಿಯಬೇಕು.

ಟೊಯೋಟಾ ಎಂಆರ್2ನಂತೆ ಎಂಜಿನ್ ನಡುವಿನಲ್ಲೂ ರೇಡಿಯೇಟರ್ ಮುಂದೆಯೂ ಇರುವ ಕಾರುಗಳಲ್ಲಿ ಕೂಲೆಂಟ್ ಕಾರಿನ ಉದ್ದಕ್ಕೂ ಹೋಗಿ ಬರುತ್ತದೆ. ಕೂಲೆಂಟ್ ಬದಲಾಯಿಸಿದ ಮರುದಿನವೇ ಬಿಸಿಯಾಗತೊಡಗಿದರೆ ಅಥವಾ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಕೈಪಿಡಿ ಹೇಳುವ ಎಲ್ಲ ಬ್ಲೀಡ್ ಸ್ಥಾನಗಳಿಂದಲೂ ಅದನ್ನು ಹೊರಬಿಡಬೇಕು. ಬಿಸಿಯಾದ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ವರೆಗೆ 100 ಡಿಗ್ರಿ ದಾಟಿಯೂ ಕುದಿಯದೆ ಇರುವ ಕೂಲೆಂಟ್, ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಮುಳ್ಳನ್ನು ಪೂರ್ತಿ ನಂಬಬಾರದೆಂಬ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಅನೇಕ ಕಾರುಗಳಲ್ಲಿ ಟೆಂಪರೇಚರ್ ಮುಳ್ಳು ಸಾಕಷ್ಟು ದೊಡ್ಡ ಅಂತರದ ತಾಪಮಾನಗಳಿಗೆಲ್ಲ ನಟ್ಟನಡುವೆಯೇ ನಿಂತಿರುವಂತೆ ಮಾಡಿರುತ್ತಾರೆ. ಮಾಜ್ದಾ ಎಂಎಕ್ಸ್-5ರ ಮೊದಲ ಪೀಳಿಗೆಯ ಕೊನೆಯ ವರ್ಷಗಳ ಕಾರುಗಳಲ್ಲಿ ಆಯಿಲ್ ಒತ್ತಡದ ಮೀಟರ್ ನಿಜವಾದ ಅಳತೆ ಕೊಡುವುದನ್ನು ಬಿಟ್ಟು, ಒತ್ತಡ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಸ್ವಿಚ್ಚಿಗೆ ಇಳಿಯಿತು. ನಿಜವಾದ ಅಂಕಿ ಬೇಕಾದಾಗ ಸ್ಕ್ಯಾನರಿನಲ್ಲಿ ಕೂಲೆಂಟ್ ತಾಪಮಾನವನ್ನೇ ಓದಬೇಕು.

ಮಿಸ್ಸಿಂಗ್, ನಡುಗುವ ಐಡಲ್, ಪಿಕಪ್ ಇಲ್ಲದಿರುವುದು

ಪಿ0300 ಎಂಬ ಕೋಡ್ ಯಾವ ಸಿಲಿಂಡರ್ ಎಂದು ಗೊತ್ತಾಗದ ಮಿಸ್‌ಫೈರನ್ನೂ, ಪಿ0301, ಪಿ0302 ಮುಂತಾದವು ಆಯಾ ಸಂಖ್ಯೆಯ ಸಿಲಿಂಡರಿನ ಮಿಸ್‌ಫೈರನ್ನೂ ಹೇಳುತ್ತವೆ. ಒಂದೇ ಸಿಲಿಂಡರ್ ಆದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕೋಡ್ ಪಿ0302 ಆಗಿದ್ದರೆ, ಎರಡನೆಯ ಸಿಲಿಂಡರಿನ, ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲನ್ನು ನಾಲ್ಕನೆಯದಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ ನೋಡಬೇಕು. ಕೋಡ್ ಪಿ0304ಕ್ಕೆ ಜಿಗಿದರೆ ಕಾಯಿಲ್ ಹೋಗಿದೆ. ಅಲ್ಲೇ ಉಳಿದರೆ ಪ್ಲಗ್ಗನ್ನು ಹಾಗೆಯೇ ಅದಲುಬದಲು ಮಾಡಬೇಕು. ಆಮೇಲೂ ಅಲ್ಲೇ ಉಳಿದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಕಡೆಗೆ ಹೋಗಬೇಕು. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಾಯಿಸಬೇಕೆಂಬ ನಿಯಮವನ್ನು ಇಲ್ಲಿ ಮುರಿದವರಿಗೆ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ.

ತೇವದ ದಿನಗಳಲ್ಲಿ ಮಾತ್ರ ಮಿಸ್ಸಿಂಗ್ ಹೊಡೆದು ಒಣಗಿದಾಗ ಸರಿಹೋಗುವ ಕಾರಿದ್ದರೆ, ಕಾಯಿಲಿನ ಮೈಯಲ್ಲಿ ಕೂದಲೆಳೆಯ ಬಿರುಕಿದೆಯೆಂದು ಊಹಿಸಬಹುದು. ಕತ್ತಲಾದ ಮೇಲೆ ತೆರೆದ ಜಾಗದಲ್ಲಿ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಕಾಯಿಲ್‌ಗಳ ಸುತ್ತ ದೂರದಿಂದ ನೀರಿನ ತೆಳುವಾದ ಮಂಜು ಹರಡಿದರೆ, ಬಿರುಕಿನಿಂದ ಹತ್ತಿರದ ಲೋಹಕ್ಕೆ ನೀಲಿ ದಾರದಂತೆ ಕಿಡಿ ಜಿಗಿಯುವುದು ಕಣ್ಣಿಗೇ ಕಾಣುತ್ತದೆ, ಅದರೊಡನೆ ಚಿಟಿಚಿಟಿ ಸದ್ದೂ ಕೇಳಿಸುತ್ತದೆ. ಆಗ ಕೈಯನ್ನಾಗಲಿ ಉಪಕರಣವನ್ನಾಗಲಿ ಅಲ್ಲಿಗೆ ಒಯ್ಯಬಾರದು. ಆ ವಿದ್ಯುತ್ತು ಸಾವಿರಾರು ವೋಲ್ಟ್‌ಗಳದ್ದು.

ಪಿ0171 ಮತ್ತು ಪಿ0174 ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಕಡಿಮೆಯಾಗಿದೆ ಎನ್ನುತ್ತವೆ. ಎರಡರಲ್ಲಿ ಯಾವುದು ಎಂದು ಬಿಡಿಸಲು ಸ್ಕ್ಯಾನರಿನ ಫ್ಯೂಯೆಲ್ ಟ್ರಿಮ್ ಅಂಕಿ, ಅಂದರೆ ಮಿಶ್ರಣ ಸರಿಪಡಿಸಲು ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಬೇಕು. ಐಡಲ್‌ನಲ್ಲಿ ಟ್ರಿಮ್ ಹೆಚ್ಚಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಕಡೆಗೆ ಇಳಿದರೆ ಎಲ್ಲೋ ವ್ಯಾಕ್ಯೂಮ್ ಪೈಪು ಬಿರುಕುಬಿಟ್ಟು ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ಆರ್‌ಪಿಎಂ ಮತ್ತು ಭಾರ ಹೆಚ್ಚಿದಂತೆ ಟ್ರಿಮ್ ಕೂಡ ಹೆಚ್ಚಿದರೆ ಪೆಟ್ರೋಲ್ ಪಂಪ್, ಫಿಲ್ಟರ್, ಇಲ್ಲವೆ ಗಾಳಿಯನ್ನು ಅಳೆಯುವ ಸೆನ್ಸರನ್ನು ನೋಡಬೇಕು. ಬಿರುಕು ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಬೆಂಕಿ ಹತ್ತುವ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಅದಕ್ಕಿಂತ ಹೊಗೆ ಯಂತ್ರದಿಂದ ಪರೀಕ್ಷೆ ಮಾಡಿಸುವುದು ಸುರಕ್ಷಿತ, ನಿಖರವೂ ಹೌದು.

ಹಿಂದಿನ ಮಾಲೀಕರು ಎಣ್ಣೆ ಸವರಿದ ಹತ್ತಿಯ ಏರ್ ಫಿಲ್ಟರ್ ಹಾಕಿಸಿದ್ದರೆ, ತೊಳೆದಾಗಲೆಲ್ಲ ಅದಕ್ಕೆ ಅತಿಯಾಗಿ ಎಣ್ಣೆ ಹಚ್ಚಿದ್ದರಿಂದ ಗಾಳಿಯ ಸೆನ್ಸರಿನ ಸೂಕ್ಷ್ಮ ತಂತಿಯ ಮೇಲೆ ಜಿಡ್ಡು ಕೂತಿರಬಹುದು. ಆ ಸೆನ್ಸರಿಗೆಂದೇ ಇರುವ ಕ್ಲೀನರಿನಿಂದ, ಬ್ರಷ್ ಅಥವಾ ಬಟ್ಟೆ ತಾಗಿಸದೆ, ತೊಳೆದು ಒಣಗಿಸಬೇಕು. ಸಾಧ್ಯವಿದ್ದರೆ ಮೂಲ ಏರ್ ಬಾಕ್ಸನ್ನೇ ಹುಡುಕಿ ಹಾಕಿಸುವುದು ಉತ್ತಮ. ಬದಲಾಯಿಸಿದ ಕಾರಿನಲ್ಲಿ ದೋಷ ಹುಡುಕುವಾಗ ತಯಾರಕರ ಅಂಕಿ ಅಂಶಗಳು ಯಾವುದಕ್ಕೂ ಹೊಂದುವುದಿಲ್ಲ, ಮೆಕ್ಯಾನಿಕ್ ಬಳಿ ಹೋದರೂ ಅವರು ಊಹೆಯ ಮೇಲೆಯೇ ಕೆಲಸ ಮಾಡಬೇಕಾಗುತ್ತದೆ.

ಪಿಕಪ್ ಇಲ್ಲ ಎಂಬ ದೂರಿನಲ್ಲಿ ಕೆಲವು ಸಲ ದೋಷವೇ ಇರುವುದಿಲ್ಲ. ಹೋಂಡಾ ಎಸ್2000ದಂಥ ಕಾರಿನ ಎರಡು ಲೀಟರ್ ಎಂಜಿನ್ 9000 ಆರ್‌ಪಿಎಂ ವರೆಗೆ ಏರುವಂಥದ್ದು, ವಾಲ್ವುಗಳನ್ನು ಹೆಚ್ಚು ತೆರೆಯುವ ಅದರ ಎತ್ತರದ ಕ್ಯಾಮ್ ಹಿಡಿಯುವುದೇ 6000ದ ಆಸುಪಾಸಿನಲ್ಲಿ. 3500ರಲ್ಲಿ ಗೇರ್ ಬದಲಾಯಿಸಿ ರೂಢಿಯಾದವರಿಗೆ ಅದು ಸಾಧಾರಣ ಕಾರಿನಂತೆಯೇ ಕಾಣುತ್ತದೆ. ಎಂಜಿನ್ ಬಿಸಿಯಾದ ಮೇಲೆ, ಆಯಿಲ್ ಮಟ್ಟ ಸರಿಯಿದ್ದೂ ಕ್ಯಾಮ್ ಬದಲಾಗದಿದ್ದರೆ ಮಾತ್ರ ಅದನ್ನು ದೋಷವೆನ್ನಬೇಕು.

ಆಯಿಲ್ ಕುಡಿಯುವ ಎಂಜಿನ್, ಹೊಗೆಯ ಬಣ್ಣ

ಹೆಚ್ಚು ಆರ್‌ಪಿಎಂನಲ್ಲಿ ಓಡುವ ಎಂಜಿನ್ನುಗಳು ಸ್ವಲ್ಪ ಆಯಿಲ್ ಕುಡಿಯುವುದು ಸಹಜ. 1000 ಕಿ.ಮೀ.ಗೆ ಸುಮಾರು ಒಂದು ಲೀಟರಿನ ವರೆಗೂ ಒಪ್ಪಬಹುದೆಂದು ಹೇಳುವ ತಯಾರಕರೂ ಇದ್ದಾರೆ; ನನಗೆ ಅದು ಉದಾರವಾದ ಮಿತಿಯೆಂದೇ ತೋರುತ್ತದೆ. ಆರ್‌ಎಕ್ಸ್-8ರಲ್ಲಂತೂ ಎಂಜಿನ್ ತನ್ನ ಸೀಲ್‌ಗಳಿಗೆ ಜಿಡ್ಡು ಸಿಗಲೆಂದು ಉದ್ದೇಶಪೂರ್ವಕವಾಗಿಯೇ ಆಯಿಲನ್ನು ದಹನ ಕೋಣೆಗೆ ಬಿಟ್ಟುಕೊಳ್ಳುತ್ತದೆ, ಪೆಟ್ರೋಲ್ ತುಂಬಿಸಿದಾಗಲೆಲ್ಲ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಅದರ ಮಾಲೀಕರಿಗೆ ಬೇಕೇ ಬೇಕು. ಎಷ್ಟು ಕುಡಿಯುತ್ತದೆ ಎಂಬುದಕ್ಕಿಂತ, ಕುಡಿಯುವ ಪ್ರಮಾಣ ಏರುತ್ತಿದೆಯೇ ಎಂಬುದು ಮುಖ್ಯ.

ನೀಲಿ ಹೊಗೆ ರಾತ್ರಿ ನಿಂತ ಮೇಲಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಒಂದು ಉಸಿರಿನಷ್ಟು ಬಂದು ಹೋದರೆ ವಾಲ್ವ್ ಸೀಲ್‌ಗಳು ಗಟ್ಟಿಯಾಗಿವೆ. ಆಕ್ಸಿಲರೇಟರ್ ಒತ್ತಿದಷ್ಟು ಹೊತ್ತೂ ಬಂದರೆ ಪಿಸ್ಟನ್ ರಿಂಗ್‌ಗಳನ್ನು ಶಂಕಿಸಬೇಕು. ಟರ್ಬೊ ಇರುವ ಕಾರಿನಲ್ಲಿ ಜೋರಾಗಿ ಓಡಿಸಿ ಬಂದು ಐಡಲ್‌ನಲ್ಲಿ ನಿಂತಾಗ ಬಂದರೆ ಟರ್ಬೊದ ಸೀಲ್ ನೋಡಬೇಕು. ಸಿಹಿ ವಾಸನೆಯ, ಬೇಗ ಕರಗದ ಬಿಳಿ ಹೊಗೆ ಕೂಲೆಂಟಿನದ್ದು, ಕಪ್ಪು ಹೊಗೆ ಹೆಚ್ಚಾದ ಪೆಟ್ರೋಲಿನದ್ದು. ರಿಂಗೋ ವಾಲ್ವೋ ಎಂಬ ಅನುಮಾನ ಉಳಿದರೆ ಲೀಕ್‌ಡೌನ್ ಪರೀಕ್ಷೆ ಮಾಡಿಸಬೇಕು. ಸಿಲಿಂಡರಿಗೆ ಗಾಳಿ ತುಂಬಿದಾಗ ಸದ್ದು ಆಯಿಲ್ ಹಾಕುವ ಬಾಯಿಯಿಂದ ಕೇಳಿದರೆ ರಿಂಗ್, ಸೈಲೆನ್ಸರಿನಿಂದ ಕೇಳಿದರೆ ಎಗ್ಜಾಸ್ಟ್ ವಾಲ್ವ್, ಏರ್ ಫಿಲ್ಟರಿನ ಕಡೆಯಿಂದ ಕೇಳಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಎಂಜಿನ್ ಬಿಚ್ಚದೆಯೇ ಇಷ್ಟು ತಿಳಿಯುತ್ತದೆ.

ಕ್ಲಚ್ ಮತ್ತು ಗೇರ್

ಮೂರನೆಯ ಅಥವಾ ನಾಲ್ಕನೆಯ ಗೇರಿನಲ್ಲಿ, ಸುಮಾರು 2000 ಆರ್‌ಪಿಎಂನಿಂದ, ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಆರ್‌ಪಿಎಂ ಮುಳ್ಳು ಏರಿ ವೇಗ ಅದರ ಜೊತೆಗೆ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗೇರ್ ಬೀಳುವುದೇ ಕಷ್ಟವಾಗಿದ್ದು, ಪೆಡಲನ್ನು ಎರಡು ಮೂರು ಸಲ ಒತ್ತಿದ ಮೇಲೆ ಸುಲಭವಾಗಿ ಬಿದ್ದರೆ ತಪ್ಪು ಕ್ಲಚ್ ಪ್ಲೇಟಿನದ್ದಾಗಿರುವುದು ಅಪರೂಪ. ಪೆಡಲಿನ ಒತ್ತನ್ನು ದ್ರವದ ಮೂಲಕ ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಅಥವಾ ಮಾಸ್ಟರ್ ಸಿಲಿಂಡರ್ ಸೋರುತ್ತಿರುತ್ತದೆ. ಪೆಡಲಿನ ಹಿಂದಿನ ಕಾರ್ಪೆಟ್ ಒದ್ದೆಯಾಗಿದೆಯೇ ಎಂದು ಬೆರಳಿಟ್ಟು ನೋಡಿದರೆ ಕೆಲವು ಸಲ ಅಲ್ಲೇ ಉತ್ತರ ಸಿಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಹಾಕಿಸಿದ ಮೇಲೂ ದೋಷ ಉಳಿದು, ಕೊನೆಗೆ ಸಣ್ಣ ಸಿಲಿಂಡರಿನಲ್ಲಿ ಸರಿಹೋದ ಉದಾಹರಣೆಗಳನ್ನು ನೋಡಿದ್ದೇನೆ.

ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಎರಡನೆಯ ಗೇರ್ ಕರಕರ ಎಂದು, ಬಿಸಿಯಾದ ಮೇಲೆ ಮೆತ್ತಗಾದರೆ ಸಿಂಕ್ರೊ ಸವೆಯತೊಡಗಿದೆ. ಸರಿಯಾದ ಆಯಿಲ್ ಹಾಕಿ, ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಗೇರ್ ಬದಲಾಯಿಸಿದರೆ ಅದು ಬಹುಕಾಲ ಹಾಗೆಯೇ ನಡೆಯುತ್ತದೆ. ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಕಾರು ನಿಧಾನವಾದ ತಿರುವಿನಲ್ಲಿ ಹಿಂದಿನಿಂದ ಗುದ್ದುವಂತೆ ನಡುಗಿದರೆ, ಡಿಫರೆನ್ಷಿಯಲ್ ಬಿಚ್ಚುವ ಮೊದಲು, ಪ್ಲೇಟುಗಳಿರುವ ಬಗೆಯ ಡಿಫರೆನ್ಷಿಯಲ್ಲಿಗೆ ಬೇಕಾದ ಫ್ರಿಕ್ಷನ್ ಮಾಡಿಫೈಯರ್ ಇರುವ ಆಯಿಲ್ ಹಾಕಿ ನೋಡಬೇಕು.

ಸದ್ದು, ಸ್ಟಿಯರಿಂಗ್, ಟೈರ್, ಬ್ರೇಕ್

ಒಂದೇ ಸಮನೆ ಗುಂಯ್‌ಗುಡುವ ಸದ್ದು ವೇಗದೊಡನೆ ಏರಿ, ಎಡಕ್ಕೆ ತಿರುಗಿಸಿದಾಗ ಜೋರಾಗಿ ಬಲಕ್ಕೆ ತಿರುಗಿಸಿದಾಗ ಕಡಿಮೆಯಾದರೆ, ಎಡ ತಿರುವಿನಲ್ಲಿ ಭಾರ ಬೀಳುವ ಬಲಗಡೆಯ ವೀಲ್ ಬೇರಿಂಗನ್ನು ಮೊದಲು ನೋಡಬೇಕು. ತಿರುಗಿಸಿದರೂ ಬದಲಾಗದೆ, ರಸ್ತೆಯ ಮೇಲ್ಮೈ ಬದಲಾದಾಗ ಬದಲಾಗುವ ಸದ್ದು ಟೈರಿನದ್ದು. ನಿಧಾನವಾಗಿ ಉಬ್ಬು ದಾಟುವಾಗ ಬರುವ ಟಕ್ ಸದ್ದಿಗೆ ಸ್ಟೆಬಿಲೈಸರ್ ಲಿಂಕ್, ಬಾಲ್ ಜಾಯಿಂಟ್, ಒಣಗಿ ಬಿರಿದ ರಬ್ಬರ್ ಬುಷ್‌ಗಳು ಕಾರಣವಾಗುತ್ತವೆ. ಇವನ್ನು ನೋಡಲು ಕಾರಿನ ಕೆಳಗೆ ಹೋಗುವವರು ಬರೀ ಜ್ಯಾಕನ್ನು ನಂಬದೆ ಸ್ಟ್ಯಾಂಡ್ ಇಟ್ಟೇ ಹೋಗಬೇಕು.

ಟೈರಿನ ಮೈಮೇಲೆ ಡಾಟ್ (DOT) ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2316 ಎಂದರೆ 2016ರ 23ನೆಯ ವಾರ. ಕಡಿಮೆ ಓಡಿದ ಕಾರಿನಲ್ಲಿ ಹಲ್ಲುಗಳು ಪೂರ್ತಿ ಉಳಿದಿದ್ದರೂ ರಬ್ಬರ್ ಮುದಿಯಾಗಿ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಂಬದಿ ಜಾರುವುದಕ್ಕೆ ಅದೇ ಕಾರಣವಾಗಬಹುದು. ಸ್ಪೋರ್ಟ್ಸ್ ಕಾರಿನ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿರುವುದರಿಂದ ಟೈರಿನ ಒಳ ಅಂಚು ಮೊದಲು ಸವೆಯುತ್ತದೆ; ನಿಂತು ನೋಡಿದರೆ ಹೊಸದಾಗಿ ಕಾಣುವ ಟೈರಿನ ಒಳಗಡೆ ತಂತಿ ಹೊರಬಂದಿರಬಹುದು. ಕಾರನ್ನು ತಗ್ಗಿಸಿ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಎಲ್ಲ ಕಡೆಯೂ ಒಂದೇ ಇಲ್ಲವೆಂದು ತಿಳಿಯಬೇಕು. ಬಹಳ ದಿನ ಒಂದೇ ಕಡೆ ನಿಂತ ಕಾರಿನಲ್ಲಿ ಪ್ಯಾಡ್ ಕೂತ ಜಾಗದ ತುಕ್ಕೂ ಇದನ್ನೇ ಮಾಡುತ್ತದೆ. ಒಂದು ಕಡೆಗೆ ಎಳೆದರೆ, ನೇರ ರಸ್ತೆಯಲ್ಲಿ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಡಬಲದ ಡಿಸ್ಕುಗಳನ್ನು ಹೋಲಿಸಬೇಕು. ಒಂದು ಸ್ಪಷ್ಟವಾಗಿ ಹೆಚ್ಚು ಬಿಸಿಯಿದ್ದರೆ ಆ ಕ್ಯಾಲಿಪರಿನ ಪಿನ್ ಅಥವಾ ಪಿಸ್ಟನ್ ಹಿಡಿದುಕೊಂಡಿದೆ. ತಣ್ಣಗಿರುವಾಗ ಕಿರುಚಿ, ಹಿಡಿತವೂ ಕಡಿಮೆಯಿದ್ದು, ಬಿಸಿಯಾದಂತೆ ಉತ್ತಮವಾಗುವ ಬ್ರೇಕ್ ಇದ್ದರೆ ಹಿಂದಿನ ಮಾಲೀಕರು ಟ್ರ್ಯಾಕ್ ಪ್ಯಾಡ್ ಹಾಕಿಸಿರಬಹುದು. ದಿನನಿತ್ಯದ ರಸ್ತೆಗೆ ಅವು ತಕ್ಕವಲ್ಲ.

ಬ್ರೇಕ್ ಫ್ಲೂಯಿಡ್ ಗಾಳಿಯಿಂದ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದು, 3.7 ಪ್ರತಿಶತ ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಿಡಿದು ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಹಠಾತ್ತನೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಎಷ್ಟೇ ಕಡಿಮೆ ಓಡಿಸಿದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಸಿಲಿಕೋನ್ ಆಧಾರಿತ ಡಾಟ್ 5 ಫ್ಲೂಯಿಡನ್ನು ಇದರೊಡನೆ ಬೆರೆಸಬಾರದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಬೇರೆಯದು, ಅದು ಡಾಟ್ 4ರ ಜಾತಿಗೇ ಸೇರಿದ್ದು. ಪ್ಯಾಡ್ ಬದಲಾಯಿಸಲು ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ. ಆದ್ದರಿಂದ ಕಾರನ್ನು ಒಂದು ಅಡಿ ಕದಲಿಸುವ ಮೊದಲು, ನಿಂತಲ್ಲೇ, ಪೆಡಲ್ ಗಟ್ಟಿಯಾಗುವ ವರೆಗೆ ಒತ್ತಿ ಒತ್ತಿ ನೋಡಬೇಕು.